ಕರೆಂಟು ಎಷ್ಟು ದಿನ?

ನಮ್ಮ ಕಡೆ ರೇಡಿಯೇಷನ್ ಅಂತ ಯಾರೂ ಹೇಳುವುದಿಲ್ಲ. ‘ಕರೆಂಟು ಕೊಡ್ತಾರಂತೆ’ ಅನ್ನುತ್ತಾರೆ. ನಮ್ಮ ಅತ್ತೆಗೆ ಎದೆಯ ಗಂಟು ತೆಗೆದು, ಕೀಮೋ ಮುಗಿದು, ಡಾಕ್ಟರು ‘ಇನ್ನು ರೇಡಿಯೇಷನ್ ಬಾಕಿ’ ಅಂದ ದಿನ ಸಂಜೆಯೇ ಊರಲ್ಲಿ ಸುದ್ದಿಯಾಗಿತ್ತು. ‘ಶಾಕ್ ಹೊಡೆಯಲ್ವಾ?’ ಅಂತ ಒಬ್ಬರು. ‘ಮೊಮ್ಮಕ್ಕಳನ್ನ ಹತ್ತಿರ ಬಿಟ್ಕೋಬಾರದಂತೆ’ ಅಂತ ಇನ್ನೊಬ್ಬರು. ಅತ್ತೆ ಮಾತ್ರ ಕೇಳಿದ್ದು ಒಂದೇ: ‘ಎಷ್ಟು ದಿನ?’

ಊರು ಹೊಸದುರ್ಗದ ಹತ್ತಿರ. ಮನೆಯಲ್ಲಿ ಎರಡು ಹಸು ಇವೆ, ಡೈರಿಗೆ ಹಾಲು ಹಾಕಬೇಕು. ಬೆಂಗಳೂರಿನಲ್ಲಿ ಇರಬೇಕಾದ ಒಂದೊಂದು ದಿನಕ್ಕೂ ಅವರ ಹತ್ತಿರ ಲೆಕ್ಕ ಇತ್ತು. ಡಾಕ್ಟರು 15 ದಿನ ಅಂದರು.

ಗೊಂದಲ ಶುರುವಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಸರದಿಗೆ ಕಾಯುವ ಹೆಂಗಸರು ಮಾತಾಡದೆ ಇರುತ್ತಾರಾ. ಪಕ್ಕದಲ್ಲಿ ಕೂತವರಿಗೆ 25 ದಿನ ಬರೆದಿದ್ದರು. ಅವರ ನೆಂಟರೊಬ್ಬರಿಗೆ ಬೇರೆ ಆಸ್ಪತ್ರೆಯಲ್ಲಿ 5 ದಿನಕ್ಕೇ ಮುಗಿಸಿದ್ದರಂತೆ. ಕಾಯಿಲೆ ಒಂದೇ, ಲೆಕ್ಕ ಮೂರು. 25ರವರಿಗೆ ‘ನಂದು ಜಾಸ್ತಿಯಾಗಿದೆಯೇನೋ’ ಅನ್ನುವ ಭಯ. ಅತ್ತೆಗೆ ‘ನನಗೆ ಕಮ್ಮಿ ಕೊಟ್ಟು ಕಳಿಸ್ತಾರೇನೋ’ ಅನ್ನುವ ಅನುಮಾನ. ಎರಡೂ ತಪ್ಪು. ಆದರೆ ಅದನ್ನು ಕೂರಿಸಿಕೊಂಡು ಹೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಸ್ತನ ಕ್ಯಾನ್ಸರ್ ರೇಡಿಯೇಷನ್ನಿನಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಹೊಸ ಯಂತ್ರ ಅಲ್ಲ, ಈ ದಿನಗಳ ಲೆಕ್ಕವೇ ಅನ್ನುವುದು ನನ್ನ ಅಭಿಪ್ರಾಯ. ರೋಗಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ.

ಮೊದಲು, ಗಂಟು ತೆಗೆದ ಮೇಲೂ ರೇಡಿಯೇಷನ್ ಯಾಕೆ ಅನ್ನುವುದನ್ನು ನೋಡೋಣ. ಹಿಂದೆಲ್ಲ ಸ್ತನ ಕ್ಯಾನ್ಸರ್ ಅಂದರೆ ಇಡೀ ಸ್ತನ ತೆಗೆಯುವುದೇ ದಾರಿ. ಕೆಳಗಿನ ಸ್ನಾಯುವನ್ನೂ ಸೇರಿಸಿ ಕಿತ್ತು ತೆಗೆಯುವ ಕಾಲವೂ ಒಂದಿತ್ತು. ಅಷ್ಟೆಲ್ಲ ಬೇಡ ಅಂತ ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್, ಇಟಲಿಯ ಸರ್ಜನ್ ಉಂಬರ್ಟೊ ವೆರೊನೇಸಿ ತೋರಿಸಿಕೊಟ್ಟರು. ಫಿಶರ್ ತಂಡ 1976ರಲ್ಲಿ ಶುರು ಮಾಡಿದ ಪರೀಕ್ಷೆಯ 20 ವರ್ಷದ ಫಲಿತಾಂಶ 2002ರಲ್ಲಿ ಬಂತು. ಇಡೀ ಸ್ತನ ತೆಗೆಸಿಕೊಂಡವರೂ ಬರೀ ಗಂಟು ತೆಗೆಸಿಕೊಂಡವರೂ ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಗಂಟು ಮಾತ್ರ ತೆಗೆಸಿಕೊಂಡು ರೇಡಿಯೇಷನ್ ಬಿಟ್ಟವರಲ್ಲಿ ಶೇ 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮತ್ತೆ ಬಂತು. ರೇಡಿಯೇಷನ್ ತೆಗೆದುಕೊಂಡವರಲ್ಲಿ ಅದು ಶೇ 14. ಆಮೇಲೆ 17 ಪರೀಕ್ಷೆಗಳ 10,801 ಮಹಿಳೆಯರ ವಿವರ ಒಟ್ಟು ಹಾಕಿ 2011ರಲ್ಲಿ ಲೆಕ್ಕ ಹಾಕಿದಾಗ, 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆಯೂ ರೇಡಿಯೇಷನ್ ತೆಗೆದುಕೊಂಡವರಲ್ಲಿ ಶೇ 25.2ರಿಂದ ಶೇ 21.4ಕ್ಕೆ ಇಳಿದಿತ್ತು. ಅಂದರೆ ಸ್ತನ ಉಳಿಸಿಕೊಂಡರೆ ಸಾಮಾನ್ಯವಾಗಿ ರೇಡಿಯೇಷನ್ ಬೇಕೇ ಬೇಕು.

ನಮ್ಮಲ್ಲಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥ ಕಡೆ ರೇಡಿಯೇಷನ್ ಸಿಗುತ್ತದೆ. ಅಲ್ಲಿಂದ ದೂರ ಇರುವವರಿಗೆ ಐದು ವಾರ ಊರು ಬಿಡುವುದು ಅಂದರೆ ಕೂಲಿ ಹೋಯಿತು, ಹೊಲ ಬಿಟ್ಟಂತಾಯಿತು, ಜೊತೆಗೆ ಬರುವವರ ಕೂಲಿಯೂ ಹೋಯಿತು. ಹಾಗಾಗಿ ಎಷ್ಟೋ ಜನ ‘ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಕರೆಂಟು ಬೇಡ’ ಅನ್ನುತ್ತಾರೆ. ಉಳಿಸಿಕೊಳ್ಳಬಹುದಾಗಿದ್ದ ಸ್ತನ ಬಸ್ ಚಾರ್ಜು, ರೂಮ್ ಬಾಡಿಗೆಯ ಲೆಕ್ಕದಲ್ಲಿ ಹೋಗಿಬಿಡುತ್ತದೆ. ಅದಕ್ಕಿಂತ ಬೇಸರದ ಸಂಗತಿ ಅಂದರೆ, ಗಂಟು ದೊಡ್ಡದಿದ್ದರೆ ಅಥವಾ ಕಂಕುಳ ಗ್ರಂಥಿಗಳಿಗೆ ಹರಡಿದ್ದರೆ ಪೂರ್ತಿ ತೆಗೆಸಿದ ಮೇಲೂ ಎಷ್ಟೋ ಸಲ ರೇಡಿಯೇಷನ್ ಬೇಕಾಗುತ್ತದೆ. ಆಗ ಅದೂ ಹೋಯಿತು, ಇದೂ ತಪ್ಪಲಿಲ್ಲ.

ಸರಿ, 25 ಎಲ್ಲಿಂದ ಬಂತು? ರೇಡಿಯೇಷನ್ ಅಳೆಯುವುದು ಗ್ರೇ ಅನ್ನುವ ಅಳತೆಯಲ್ಲಿ. ಹಳೆಯ ಪದ್ಧತಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಐದು ವಾರ. ಒಟ್ಟು 50. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಒಳ್ಳೆಯ ಜೀವಕೋಶಗಳು ನಡುವೆ ಸುಧಾರಿಸಿಕೊಳ್ಳುತ್ತವೆ, ಕೆಟ್ಟವು ಸಾಯುತ್ತವೆ ಅನ್ನುವುದು ಲೆಕ್ಕಾಚಾರ. ಅದು ತಪ್ಪಲ್ಲ. ಆದರೆ ಸ್ತನ ಕ್ಯಾನ್ಸರಿನ ವಿಷಯದಲ್ಲಿ ದಿನದ ಪಾಲನ್ನು ಸ್ವಲ್ಪ ಹೆಚ್ಚಿಸಿ, ದಿನ ಕಡಿಮೆ ಮಾಡಿ, ಒಟ್ಟು ಮೊತ್ತ ಇಳಿಸಿದರೂ ಕೆಲಸ ಆಗುತ್ತದಾ ಅಂತ ಬ್ರಿಟನ್ನಿನವರು, ಕೆನಡಾದವರು ಪರೀಕ್ಷೆ ಮಾಡಿ ನೋಡಿದರು. ಬ್ರಿಟನ್ನಿನ ಸ್ಟಾರ್ಟ್-ಬಿ ಪರೀಕ್ಷೆ 1999ರಲ್ಲಿ ಶುರುವಾಯಿತು. 15 ದಿನಕ್ಕೆ ಒಟ್ಟು 40 ಗ್ರೇ. ಹತ್ತು ವರ್ಷದ ಮೇಲೆ ನೋಡಿದರೆ ಕ್ಯಾನ್ಸರ್ ಅಲ್ಲೇ ಮರಳಿದ್ದು 15 ದಿನದವರಲ್ಲಿ ಶೇ 4.3, 25 ದಿನದವರಲ್ಲಿ ಶೇ 5.5. ಸ್ತನ ಕುಗ್ಗುವುದು, ಬಾತುಕೊಳ್ಳುವುದು, ಚರ್ಮದ ಮೇಲೆ ಸಣ್ಣ ರಕ್ತನಾಳ ಕಾಣಿಸಿಕೊಳ್ಳುವುದು ಇವೆಲ್ಲ 15 ದಿನದವರಲ್ಲೇ ಕಡಿಮೆ!

ಅಲ್ಲಿಂದ ಮುಂದಿನ ಹೆಜ್ಜೆ ಐದು ದಿನ. ಫಾಸ್ಟ್-ಫಾರ್ವರ್ಡ್ ಅನ್ನುವ ಪರೀಕ್ಷೆಯಲ್ಲಿ ಬ್ರಿಟನ್ನಿನ 97 ಆಸ್ಪತ್ರೆಗಳು, 4,096 ರೋಗಿಗಳು. ಐದು ವರ್ಷದ ಫಲಿತಾಂಶ 2020ರ ಏಪ್ರಿಲ್‌ನಲ್ಲಿ ಬಂತು, ಕೋವಿಡ್ ಲಾಕ್‌ಡೌನಿನ ನಟ್ಟನಡುವೆ. ಆಸ್ಪತ್ರೆಗೆ ಒಂದು ದಿನ ಕಡಿಮೆ ಬಂದರೂ ಸಾಕು ಅನ್ನುವ ಹೊತ್ತದು, ಹಾಗಾಗಿ ಬ್ರಿಟನ್ನಿನ ಡಾಕ್ಟರುಗಳು ಅದನ್ನು ಬೇಗನೆ ಕೈಗೆತ್ತಿಕೊಂಡರು. 15 ದಿನದವರಲ್ಲಿ ಮರಳಿದ್ದು ಶೇ 2.1, ಐದು ದಿನದಲ್ಲಿ 26 ಗ್ರೇ ತೆಗೆದುಕೊಂಡವರಲ್ಲಿ ಶೇ 1.4.

ಈಗ ಬೆಂಚಿನ ಮೇಲಿನ ಪ್ರಶ್ನೆಗೆ ಬರೋಣ. 50, 40, 26. ಮೇಲ್ನೋಟಕ್ಕೆ ಐದು ದಿನದವರಿಗೆ ಅರ್ಧವೇ ಸಿಕ್ಕಂತೆ ಕಾಣುತ್ತದೆ. ಬಿಸಿಲಿಗೆ ಹೋಲಿಸಿದರೆ ಅರ್ಥವಾಗುತ್ತದೆ. ದಿನಕ್ಕೊಂದು ಗಂಟೆಯಂತೆ ಐದು ದಿನ ಬಿಸಿಲಲ್ಲಿ ನಿಂತರೆ ಏನೂ ಆಗುವುದಿಲ್ಲ, ಒಂದೇ ದಿನ ಐದು ಗಂಟೆ ನಿಂತರೆ ಮೈ ಸುಟ್ಟುಹೋಗುತ್ತದೆ. ಬಿಸಿಲು ಐದೇ ಗಂಟೆ, ಪರಿಣಾಮ ಬೇರೆ. ದಿನದ ಪಾಲು 2ರಿಂದ 5.2 ಗ್ರೇಗೆ ಏರಿದಾಗ ಒಂದೊಂದು ಗ್ರೇಯ ಪೆಟ್ಟೂ ಜೋರಾಗುತ್ತದೆ. ಅದಕ್ಕೇ ಒಟ್ಟು ಮೊತ್ತ ಇಳಿಸುತ್ತಾರೆ. ಎಷ್ಟು ಸೂಕ್ಷ್ಮ ಅಂದರೆ, ಅದೇ ಪರೀಕ್ಷೆಯಲ್ಲಿ ಇನ್ನೊಂದು ಗುಂಪಿಗೆ ಐದು ದಿನದಲ್ಲಿ 26ರ ಬದಲು 27 ಗ್ರೇ ಕೊಟ್ಟಿದ್ದರು. ಬರೀ ಒಂದು ಗ್ರೇ ಹೆಚ್ಚು. ಐದು ವರ್ಷದ ಹೊತ್ತಿಗೆ ಡಾಕ್ಟರ ಕಣ್ಣಿಗೆ ಎದ್ದು ಕಾಣುವಂಥ ತೊಂದರೆಗಳು ಆ ಗುಂಪಿನಲ್ಲಿ ಶೇ 15.4. 26ರವರಲ್ಲಿ ಶೇ 11.9, 15 ದಿನದವರಲ್ಲಿ ಶೇ 9.9. ಐದು ದಿನದ ಚಿಕಿತ್ಸೆಯಲ್ಲಿ, ಎಲ್ಲಿಗೆ ಎಷ್ಟು ಕೊಡಬೇಕು ಅನ್ನುವ ಪ್ಲಾನಿಂಗ್ ಹೆಚ್ಚು ಕಡಿಮೆ ಆದರೆ ಸರಿಮಾಡಲು ಮುಂದೆ ದಿನಗಳೇ ಉಳಿದಿರುವುದಿಲ್ಲ.

ಹಾಗಾದರೆ ಎಲ್ಲರಿಗೂ ಐದೇ ದಿನ ಯಾಕೆ ಕೊಡಬಾರದು? ಫಾಸ್ಟ್-ಫಾರ್ವರ್ಡ್‌ನಲ್ಲಿದ್ದ ಹೆಚ್ಚಿನವರು ಸಣ್ಣ ಗಂಟು ತೆಗೆಸಿಕೊಂಡು ಸ್ತನ ಉಳಿಸಿಕೊಂಡವರು. ಬಹುಪಾಲು ಜನರಿಗೆ ಕಂಕುಳಿಗೆ ಹರಡಿರಲಿಲ್ಲ. ನಮ್ಮಲ್ಲಿ ಬರುವವರು ಅಂಥವರಾ? ಭಾರತದಲ್ಲಿ 2022ರ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ, ಸುಮಾರು 98 ಸಾವಿರ ಜನ ಸಾಯುತ್ತಾರೆ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿದರೇ ಗೊತ್ತಾಗುತ್ತದೆ, ನಮ್ಮವರು ತಡವಾಗಿ ಬರುತ್ತಾರೆ. ಪಶ್ಚಿಮದ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲೂ ಬರುತ್ತಾರೆ. ಬಹಳ ಮಂದಿಗೆ ಪೂರ್ತಿ ಸ್ತನ ತೆಗೆದು, ಎದೆಗೂಡು, ಕುತ್ತಿಗೆ ಬುಡ, ಕಂಕುಳ ಸುತ್ತ ಎಲ್ಲ ಕಡೆ ಕೊಡಬೇಕಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಗಂಟಿದ್ದ ಜಾಗಕ್ಕೆ ‘ಬೂಸ್ಟ್’ ಅಂತ ಇನ್ನಷ್ಟು ದಿನ ಸೇರುತ್ತದೆ. ಇಂಥವರಿಗೂ ಐದು ದಿನ ಸಾಕಾ ಅಂತ ನೋಡಬೇಕಾದವರು ನಾವೇ. ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರ್ ಮುಂದೆ ನಿಂತು ನಡೆಸುತ್ತಿರುವ ಹೈಪೋರ್ಟ್ ಅನ್ನುವ ಪರೀಕ್ಷೆ ಇದಕ್ಕೇ: 15 ದಿನವಾ, ಐದು ದಿನವಾ, ನಮ್ಮ ರೋಗಿಗಳಲ್ಲೇ. ಗ್ರಂಥಿಗಳಿಗೆ ಕೊಡುವಾಗ 25ರ ಬದಲು 15 ದಿನ ಸಾಕು, ಕೈ ಬಾವು ಜಾಸ್ತಿಯಾಗುವುದಿಲ್ಲ ಅನ್ನುವುದಕ್ಕೆ ಫ್ರಾನ್ಸ್, ಡೆನ್ಮಾರ್ಕ್‌ಗಳ ಪರೀಕ್ಷೆಗಳಿಂದ ಈಗ ಗಟ್ಟಿ ಪುರಾವೆ ಇದೆ. ಹಾಗಾಗಿ ಇವತ್ತು ಯಾರಿಗಾದರೂ 25 ಬರೆದರೆ ‘ಯಾಕೆ 15 ಆಗಲ್ಲ?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಇರಬಹುದು. ಸ್ತನವನ್ನು ಮರುರೂಪಿಸಿದ್ದರೆ ಅಥವಾ ಬೇರೆ ಏನಾದರೂ ಕಾರಣ ಇದ್ದರೆ ಡಾಕ್ಟರು ಹೇಳುತ್ತಾರೆ. ಹೇಳದಿದ್ದರೆ ಇನ್ನೊಂದು ಸಲ ಕೇಳಿ.

ಇದರಲ್ಲಿ ಸರತಿ ಸಾಲಿನ ಲೆಕ್ಕವೂ ಇದೆ. ಒಂದು ಯಂತ್ರದ ಮೇಲೆ ದಿನಕ್ಕೆ 50 ಜನರನ್ನು ಮಲಗಿಸಬಹುದು ಅಂದುಕೊಳ್ಳಿ. ಐದು ವಾರಕ್ಕೆ 1,250 ಸರದಿ. ಎಲ್ಲರಿಗೂ 25 ದಿನವಾದರೆ 50 ಮಂದಿಗೆ ಚಿಕಿತ್ಸೆ. 15 ಆದರೆ 83. ಐದೇ ದಿನವಾದರೆ 250. ಹೊಸ ಯಂತ್ರ ತರಿಸದೆ, ಗೋಡೆ ಕಟ್ಟದೆ! ಯಂತ್ರಗಳಿಗೆ ಬರ ಇರುವ ದೇಶದಲ್ಲಿ ಇದಕ್ಕಿಂತ ಅಗ್ಗದ ಉಪಾಯ ಇನ್ನೇನಿದೆ? ಮುಂದಿನ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇಕೇರ್ ಕೇಂದ್ರ ಅಂತ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿತು. ಒಳ್ಳೆಯದೇ, ಕೀಮೋಗೆ ಅನುಕೂಲ. ಆದರೆ ರೇಡಿಯೇಷನ್ ಅಂದರೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ಕೋಟಿಗಟ್ಟಲೆ ಬೆಲೆಯ ಯಂತ್ರ, ಭೌತಶಾಸ್ತ್ರ ಓದಿದ ಪರಿಣತರು. ಡೇಕೇರ್ ಬೋರ್ಡು ಹಾಕಿದ ಮಾತ್ರಕ್ಕೆ ಅದು ಬರುವುದಿಲ್ಲ. ಅದಕ್ಕೆ ದೂರದ ಊರಿಗೆ ಹೋಗುವುದು ಇನ್ನೂ ಬಹಳ ವರ್ಷ ತಪ್ಪುವುದಿಲ್ಲ, ಕಡಿಮೆ ಮಾಡಲು ಆಗುವುದು ದಿನಗಳನ್ನೇ.

ಇನ್ನು ಒಳಗೆ ನಡೆಯುವುದೇನು ಅನ್ನುವುದು. ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆದಾಗ ಏನಾದರೂ ಗೊತ್ತಾಗುತ್ತದಾ? ಇದೂ ಹಾಗೆಯೇ, ಅದಕ್ಕಿಂತ ಬಹಳ ಶಕ್ತಿಯ ಕಿರಣ ಅಷ್ಟೇ. ಯಂತ್ರ ಆಫ್ ಆದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ತಲೆಕೂದಲೂ ಉದುರುವುದಿಲ್ಲ, ಉದುರಿಸುವುದು ಕೀಮೋ. ಅತ್ತೆಗಂತೂ ಕೀಮೋದಲ್ಲಿ ಹೋದ ಕೂದಲು ರೇಡಿಯೇಷನ್ ನಡೆಯುವಾಗಲೇ ಬರಲು ಶುರುವಾಗಿತ್ತು, ಮೊಳಕೆಯಂತೆ.

ಕಷ್ಟ ಆಗಿದ್ದು ಯಾರೂ ಹೇಳದೇ ಇದ್ದ ಒಂದು ವಿಷಯಕ್ಕೆ. ಯಂತ್ರದ ಕೆಳಗೆ ಕೈಯನ್ನು ತಲೆಯ ಮೇಲೆ ಎತ್ತಿಟ್ಟುಕೊಂಡು ಅಲ್ಲಾಡದೆ ಮಲಗಬೇಕು. ಆಪರೇಷನ್ ಆದ ಮೇಲೆ ನೋವಿಗೆ ಹೆದರಿ ಅವರು ಆ ಕೈಯನ್ನು ಎತ್ತಿಯೇ ಇರಲಿಲ್ಲ, ಭುಜ ಹಿಡಿದುಕೊಂಡಿತ್ತು. ಅಳತೆಗೆ ಸಿಟಿ ತೆಗೆಯುವ ದಿನ ಕೈ ಮೇಲೆ ಹೋಗಲಿಲ್ಲ, ವಾಪಸ್ ಕಳಿಸಿದರು. ಹತ್ತು ದಿನ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿ, ದಿನಾ ಎಲ್ಲಿಯವರೆಗೆ ಹೋಯಿತು ಅಂತ ಬಳಪದಲ್ಲಿ ಗೆರೆ ಎಳೆದು, ಆಮೇಲೆ ಹೋದೆವು. ಆಪರೇಷನ್ ವಾರ್ಡಿನಲ್ಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಆ ಹತ್ತು ದಿನ ಉಳಿಯುತ್ತಿತ್ತು. ನಡುವೆ ಎರಡು ದಿನ ಯಂತ್ರವೂ ಕೆಟ್ಟಿತು. ಅದನ್ನು ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ತಿಳಿದುಕೊಂಡೆವು.

ಎಡ ಸ್ತನವಾದರೆ ಹೃದಯದ ಚಿಂತೆ ಇರುತ್ತದೆ. ಅದು ಸುಮ್ನೆ ಹುಟ್ಟಿದ ಚಿಂತೆ ಅಲ್ಲ. ಸ್ವೀಡನ್, ಡೆನ್ಮಾರ್ಕ್‌ನ 2,168 ಮಹಿಳೆಯರ ವಿವರ ನೋಡಿ 2013ರಲ್ಲಿ ಬಂದ ಅಧ್ಯಯನದಲ್ಲಿ, ಹೃದಯಕ್ಕೆ ತಾಗುವ ಸರಾಸರಿ ಒಂದೊಂದು ಗ್ರೇಗೂ ಹೃದಯಾಘಾತದಂಥ ದೊಡ್ಡ ತೊಂದರೆಯ ಸಾಧ್ಯತೆ ಶೇ 7.4ರಷ್ಟು ಏರುತ್ತದೆ ಅಂತ ಕಂಡುಬಂತು. ಅದು ಹಳೆಯ ಕಾಲದ ಚಿಕಿತ್ಸೆ ಪಡೆದವರ ಕತೆ, ಅವರ ಹೃದಯಕ್ಕೆ ಸರಾಸರಿ 4.9 ಗ್ರೇ ತಾಗಿತ್ತು. ಈಗ ಅದನ್ನು ಇಳಿಸುವ ಉಪಾಯ ಇದೆ, ಅದೂ ಎಷ್ಟು ಸರಳ ಅಂದರೆ, ಉಸಿರು ಎಳೆದು ಬಿಗಿಹಿಡಿಯುವುದು. ಶ್ವಾಸಕೋಶ ತುಂಬಿಕೊಂಡಾಗ ಹೃದಯ ಎದೆಗೂಡಿನಿಂದ ಹಿಂದೆ, ಕೆಳಗೆ ಸರಿಯುತ್ತದೆ, ಆ ಹೊತ್ತಿನಲ್ಲೇ ಕಿರಣ ಬಿಡುತ್ತಾರೆ. ಪ್ರಾಣಾಯಾಮದ ಕುಂಭಕ ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ. ನಿಮ್ಮದು ಎಡಗಡೆಯದಾದರೆ ‘ಉಸಿರು ಹಿಡಿಸಿ ಕೊಡ್ತೀರಾ?’ ಅಂತ ಕೇಳಿ. ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿಕೊಂಡು ಹೋಗಿ. ಬೀಡಿ, ಸಿಗರೇಟು ಸೇದುವವರಿದ್ದರೆ ಇಂದೇ ಬಿಡಬೇಕು. ರೇಡಿಯೇಷನ್ನಿನಿಂದ ಮುಂದೆ ಬರಬಹುದಾದ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಸೇದುವವರಿಗೇ ಬಹಳ ಜಾಸ್ತಿ, ಸೇದದವರಿಗೆ ತೀರ ಕಡಿಮೆ.

ಕೆಲವರಿಗೆ ಚಿಕಿತ್ಸೆ ಮುಗಿದು ಒಂದೆರಡು ತಿಂಗಳ ಮೇಲೆ ಒಣ ಕೆಮ್ಮು, ಸಣ್ಣ ಜ್ವರ, ಏದುಸಿರು ಬರುತ್ತದೆ. ಊರ ಡಾಕ್ಟರು ಟಿಬಿ ಇರಬಹುದು ಅಂದುಕೊಳ್ಳುವುದು ಸಹಜ. ಎದೆಗೆ ರೇಡಿಯೇಷನ್ ಆಗಿದೆ ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಕೈ ಬಾವು ಕಂಕುಳ ಗ್ರಂಥಿ ತೆಗೆದು ಅಲ್ಲಿಗೂ ಕಿರಣ ಕೊಟ್ಟವರಿಗೆ ಬರಬಹುದು, ವರ್ಷಗಳ ಮೇಲೂ ಬರಬಹುದು. ಅದನ್ನು ಮೊದಲು ಹೇಳುವುದು ಬಳೆ. ಒಂದು ಕೈಯ ಬಳೆ ಸರಾಗ ಜಾರಿ, ಆಪರೇಷನ್ ಆದ ಕಡೆಯ ಕೈಯದು ಗಿಣ್ಣಿನ ಹತ್ತಿರ ನಿಂತರೆ ಡಾಕ್ಟರಿಗೆ ತೋರಿಸಿ. ಸುಸ್ತಂತೂ ಬಹುತೇಕ ಎಲ್ಲರಿಗೂ ಇದೆ, ದಿನಾ ಸ್ವಲ್ಪ ನಡೆದಾಡಿದರೆ ಹಗುರಾಗುತ್ತದೆ.

ಕೆಲವರಿಗೆ ರೇಡಿಯೇಷನ್ನೇ ಬೇಡ ಅನ್ನುವ ಚರ್ಚೆಯೂ ಜೋರಾಗಿದೆ. 65 ದಾಟಿದ, ಸಣ್ಣ ಗಂಟಿನ, ಹಾರ್ಮೋನ್ ಮಾತ್ರೆಗೆ ಬಗ್ಗುವ ಕ್ಯಾನ್ಸರ್ ಇರುವ 1,326 ಮಹಿಳೆಯರ ಪ್ರೈಮ್-2 ಪರೀಕ್ಷೆಯಲ್ಲಿ ರೇಡಿಯೇಷನ್ ಬಿಟ್ಟವರಲ್ಲಿ ಹತ್ತು ವರ್ಷಕ್ಕೆ ಶೇ 9.5 ಜನರಿಗೆ ಅಲ್ಲೇ ಮರಳಿತು, ತೆಗೆದುಕೊಂಡವರಲ್ಲಿ ಶೇ 0.9. ಬದುಕಿದವರ ಪ್ರಮಾಣ ಎರಡೂ ಕಡೆ ಹೆಚ್ಚೂಕಡಿಮೆ ಶೇ 81. ವಯಸ್ಸಾದವರು ಬೇಡ ಅಂದರೆ ಅದೂ ಒಂದು ನ್ಯಾಯವಾದ ಆಯ್ಕೆ. ಆದರೆ ಅದು ವರ್ಷಗಟ್ಟಲೆ ದಿನಾ ಮಾತ್ರೆ ನುಂಗುವವರಿಗೆ. ಎರಡು ತಿಂಗಳಿಗೆ ಮಾತ್ರೆ ನಿಲ್ಲಿಸಿ ‘ಈಗ ಚೆನ್ನಾಗಿದ್ದೀನಲ್ಲ’ ಅನ್ನುವವರಿಗೆ ಅಲ್ಲ. ನನ್ನನ್ನು ಕೇಳಿದರೆ, ಐದು ದಿನದಲ್ಲಿ ಮುಗಿಯುತ್ತದೆ ಅನ್ನುವಾಗ ಬಿಟ್ಟುಬಿಡುವ ವಾದದ ಬಿಸಿ ಅರ್ಧ ಇಳಿಯುತ್ತದೆ.

ಕೊನೆಗೆ ಚರ್ಮ. ನಮ್ಮ ಮೈಬಣ್ಣಕ್ಕೆ ಕೆಂಪಾಗುವುದು ಅಷ್ಟು ಕಾಣುವುದಿಲ್ಲ, ಕಪ್ಪಾಗುತ್ತದೆ. ಸ್ತನದ ಕೆಳಗಿನ ಮಡಿಕೆ, ಕಂಕುಳು ಮೊದಲು. ಆಮೇಲೆ ತುರಿಕೆ, ಸಿಪ್ಪೆ ಏಳುವುದು, ಕೆಲವರಿಗೆ ಹಸಿಯಾಗಿ ನೀರು ಒಸರುವುದು. ಹುಕ್ಕಿನ ಬಿಗಿ ರವಿಕೆ ಉಜ್ಜಿದಷ್ಟೂ ಜಾಸ್ತಿ. ಅತ್ತೆ ಮಾವನ ಹಳೆಯ ಹತ್ತಿ ಬನಿಯನ್ ಹಾಕಿಕೊಂಡು ಮೇಲೆ ಸೆರಗು ಹೊದ್ದರು, ಅದಕ್ಕಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಉಜ್ಜದೆ ಒತ್ತಿ ಒರೆಸುವುದು. ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು, ಅರಿಶಿನ, ಊರ ಎಣ್ಣೆ ಇವನ್ನೆಲ್ಲ ಕೇಳದೆ ಹಚ್ಚಬಾರದು.

ಗಮನಿಸಬೇಕಾದ್ದು ಇದರ ಸಮಯ. ಚರ್ಮದ ತೊಂದರೆ ಶುರುವಾಗುವುದೇ ಎರಡನೇ, ಮೂರನೇ ವಾರದಲ್ಲಿ. ಚಿಕಿತ್ಸೆ ಮುಗಿದು ಒಂದೆರಡು ವಾರದವರೆಗೂ ಏರುತ್ತದೆ. 25 ದಿನದವರು ಆ ಹೊತ್ತಿಗೆ ಆಸ್ಪತ್ರೆಗೆ ದಿನಾ ಬರುತ್ತಿರುತ್ತಾರೆ, ಯಾರಾದರೂ ನೋಡುತ್ತಾರೆ. ಐದು ದಿನದವರು ಊರಲ್ಲಿರುತ್ತಾರೆ. 15 ದಿನದ ಅತ್ತೆಗೂ ಸಿಪ್ಪೆ ಎದ್ದದ್ದು ಊರು ಸೇರಿ ನಾಲ್ಕನೇ ದಿನ. ವಿಡಿಯೋ ಕಾಲ್ ಮಾಡಿ ಕೊಟ್ಟಿಗೆಯ ಪಕ್ಕ ನಿಂತು, ಆ ಕಡೆ ಈ ಕಡೆ ನೋಡಿಕೊಂಡು, ಸೆರಗು ಸರಿಸಿ ತೋರಿಸಿದರು. ಡಿಸ್ಚಾರ್ಜ್ ಕಾಗದ ತೆಗೆದು ನೋಡಿದೆ. ಚರ್ಮದ ಬಗ್ಗೆ ಒಂದೇ ಸಾಲಿತ್ತು, ಅದೂ ಇಂಗ್ಲಿಷಿನಲ್ಲಿ. ಯಾರಿಗೆ ಫೋನ್ ಮಾಡಬೇಕು ಅಂತ ಎಲ್ಲೂ ಬರೆದಿರಲಿಲ್ಲ.